ಶಸ್ತ್ರಚಿಕಿತ್ಸಾ ತರಬೇತಿಗೆ ಮೃತದೇಹವನ್ನು ಸಿದ್ಧಪಡಿಸುವುದು: ಎಂಬಾಮಿಂಗ್ ವಿಧಾನಗಳ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನಾನಿದ್ದ ಅಂಗರಚನಾಶಾಸ್ತ್ರ ವಿಭಾಗಕ್ಕೆ ಶಸ್ತ್ರಚಿಕಿತ್ಸಾ ವಿಭಾಗದಿಂದ ಒಂದು ಕೋರಿಕೆ ಬಂತು: ಹೊಟ್ಟೆಗೆ ಅನಿಲ ತುಂಬಿ ಸಣ್ಣ ತೂತುಗಳ ಮೂಲಕ ಮಾಡುವ ಶಸ್ತ್ರಕ್ರಿಯೆಯಾದ ಲ್ಯಾಪರೋಸ್ಕೋಪಿಯ ಕಾರ್ಯಾಗಾರಕ್ಕೆ ಒಂದು ಮೃತದೇಹ ಬೇಕು. ತೊಟ್ಟಿಯಲ್ಲಿದ್ದವುಗಳಲ್ಲಿ ಅತ್ಯಂತ ಚೆನ್ನಾಗಿ ಉಳಿದಿದ್ದ ದೇಹವನ್ನೇ ಆರಿಸಿ, ತೊಳೆದು, ಮೇಜಿನ ಮೇಲಿಟ್ಟೆವು. ಹೊಕ್ಕುಳ ಬಳಿ ಸೂಜಿ ಚುಚ್ಚಿ ಅನಿಲ ಬಿಟ್ಟಾಗ ಯಂತ್ರದ ಮೇಲಿನ ಒತ್ತಡದ ಅಂಕಿ ಕ್ಷಣಮಾತ್ರದಲ್ಲಿ 15 ಮಿ.ಮೀ. ಪಾದರಸಕ್ಕೆ ಏರಿ ನಿಂತಿತೇ ಹೊರತು ಹೊಟ್ಟೆ ಒಂದು ಬೆರಳಿನಷ್ಟೂ ಮೇಲೇಳಲಿಲ್ಲ. ಹಲಗೆಯಂತಾಗಿದ್ದ ಹೊಟ್ಟೆಯ ಗೋಡೆಯನ್ನು ತಟ್ಟಿ ನೋಡಿದ ಶಸ್ತ್ರಚಿಕಿತ್ಸಕರು, “ಇದು ನಿಮ್ಮ ಮೊದಲ ವರ್ಷದ ಮಕ್ಕಳಿಗೆ ಸರಿ, ನಮಗಲ್ಲ” ಎಂದಷ್ಟೇ ಹೇಳಿ ಕೈಗವಸು ಕಳಚಿದರು. ದೇಹದಲ್ಲಿ ದೋಷವಿರಲಿಲ್ಲ. ತಪ್ಪು ನಡೆದದ್ದು ಅದಕ್ಕೂ ತಿಂಗಳುಗಳ ಹಿಂದೆ, ಆ ದೇಹ ವಿಭಾಗಕ್ಕೆ ಬಂದ ದಿನ, ಯಾವ ಕೆಲಸಕ್ಕೆ ಬೇಕಾಗುತ್ತದೆ ಎಂದು ಯಾರೂ ಕೇಳದೆ ಎಂದಿನಂತೆ ಫಾರ್ಮಲಿನ್ ಹರಿಸಿದ್ದರಲ್ಲಿ.

ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಹೊಸದಾಗಿ ಸೇರಿದ ಬೋಧಕರು, ತಂತ್ರಜ್ಞರು ಹಾಗೂ ಶವಾಧಾರಿತ ಕೌಶಲ ಪ್ರಯೋಗಾಲಯ ಆರಂಭಿಸಲು ಹೊರಟಿರುವ ಶಸ್ತ್ರಚಿಕಿತ್ಸಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ. ಬೆಂಗಳೂರಿನ ಎಂ.ಎಸ್. ರಾಮಯ್ಯ ಸಂಸ್ಥೆಯ ಅಡ್ವಾನ್ಸ್ಡ್ ಲರ್ನಿಂಗ್ ಸೆಂಟರ್‌ನಂತಹ ಕೇಂದ್ರಗಳು ಈ ಬಗೆಯ ತರಬೇತಿಯನ್ನು ನಮ್ಮ ರಾಜ್ಯದಲ್ಲಿ ಪರಿಚಿತಗೊಳಿಸಿದ ಮೇಲೆ ಇತರ ಕಾಲೇಜುಗಳಲ್ಲೂ ಬೇಡಿಕೆ ಹೆಚ್ಚಿದೆ. ಮೃತದೇಹ ಕೊಳೆಯದಂತೆ ನಾಳಗಳಲ್ಲಿ ದ್ರಾವಣ ಹರಿಸಿಡುವ ಎಂಬಾಮಿಂಗ್‌ಗೆ ಮಾತ್ರ ನಮ್ಮ ಅನೇಕ ವಿಭಾಗಗಳಲ್ಲಿ ಇಂದಿಗೂ ಒಂದೇ ದ್ರಾವಣ, ಒಂದೇ ತೊಟ್ಟಿ, ಒಂದೇ ಕ್ರಮ.

ಮೊದಲ ಹಂತ: ಶಸ್ತ್ರಕ್ರಿಯೆ ಯಾವುದೆಂದು ಕೇಳುವುದು

ವಿಧಾನವನ್ನು ನಿರ್ಧರಿಸಬೇಕಾದದ್ದು ರಾಸಾಯನಿಕಗಳ ಕಪಾಟನ್ನು ನೋಡಿ ಅಲ್ಲ, ಕಾರ್ಯಾಗಾರದ ವೇಳಾಪಟ್ಟಿಯನ್ನು ನೋಡಿ. ಕಿವಿಯ ಹಿಂದಿನ ಟೆಂಪೊರಲ್ ಮೂಳೆಯನ್ನು ಕೊರೆಯುವ ಅಭ್ಯಾಸಕ್ಕೆ ಫಾರ್ಮಲಿನ್ ದೇಹವೇ ಸಾಕು, ಏಕೆಂದರೆ ಅಲ್ಲಿ ಡ್ರಿಲ್ಲಿನ ಕೈಗೆ ಎದುರಾಗುವುದು ಮೂಳೆ ಮಾತ್ರ. ಆದರೆ ಮೊಣಕಾಲಿನೊಳಗೆ ದರ್ಶಕ ತೂರಿಸಿ ನೋಡುವ ಆರ್ಥ್ರೋಸ್ಕೋಪಿಯಲ್ಲಿ ಕೀಲು ಮಡಿಸಬೇಕು, ತೆರೆಯಬೇಕು, ಒಳಗೆ ನೀರು ತುಂಬಿ ಹಿಗ್ಗಬೇಕು. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆ ಅನಿಲಕ್ಕೆ ಏಳಬೇಕು. ಉಸಿರಾಟದ ನಳಿಕೆ ಹಾಕುವ ಅಭ್ಯಾಸಕ್ಕೆ ದವಡೆ ತೆರೆದುಕೊಳ್ಳಬೇಕು, ಕುತ್ತಿಗೆ ಹಿಂದಕ್ಕೆ ಬಾಗಬೇಕು. ಅಲ್ಟ್ರಾಸೌಂಡ್ ನೋಡಿಕೊಂಡು ನರದ ಸುತ್ತ ಅರಿವಳಿಕೆ ಚುಚ್ಚುವುದನ್ನು ಕಲಿಸುವುದಾದರೆ ಪರದೆಯ ಮೇಲೆ ನರ, ಸ್ನಾಯು, ರಕ್ತನಾಳಗಳು ಬೇರೆಬೇರೆಯಾಗಿ ಕಾಣಬೇಕು. ಇವುಗಳಲ್ಲಿ ಯಾವುದನ್ನೂ ಮಾಮೂಲಿ ಫಾರ್ಮಲಿನ್ ದೇಹ ತೃಪ್ತಿಕರವಾಗಿ ಕೊಡಲಾರದು.

ಇದಕ್ಕೆ ಕಾರಣ ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕೆಲಸ ಮಾಡುವ ರೀತಿಯಲ್ಲೇ ಇದೆ. ಅದು ಒಂದು ಪ್ರೋಟೀನಿನ ಅಮೈನೊ ಗುಂಪನ್ನು ಪಕ್ಕದ ಪ್ರೋಟೀನಿನೊಂದಿಗೆ ಪುಟ್ಟ ಇಂಗಾಲದ ಸೇತುವೆಯಿಂದ ಬೆಸೆದುಬಿಡುತ್ತದೆ. ಕೊಳೆಯಿಸುವ ಕಿಣ್ವಗಳೂ ಬ್ಯಾಕ್ಟೀರಿಯಾಗಳೂ ಈ ಬೆಸುಗೆಗೆ ಸಿಕ್ಕಿ ನಿಷ್ಕ್ರಿಯವಾಗುವುದರಿಂದ ದೇಹ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಬೆಸುಗೆ ಸ್ನಾಯುವನ್ನು ಮರಗಟ್ಟಿಸಿ, ಬಣ್ಣವನ್ನು ಬೂದುಗಂದು ಮಾಡಿ, ಕೀಲುಗಳನ್ನು ಮಲಗಿಸಿದ ಭಂಗಿಯಲ್ಲಿಯೇ ಹಿಡಿದಿಡುತ್ತದೆ. ಜರ್ಮನಿಯ ಫರ್ಡಿನಾಂಡ್ ಬ್ಲೂಮ್ 1893ರಲ್ಲಿ ಈ ಗುಣವನ್ನು ವರದಿ ಮಾಡಿದಂದಿನಿಂದ ಅಂಗರಚನಾಶಾಸ್ತ್ರ ಇದಕ್ಕೆ ಋಣಿಯಾಗಿದೆ, ಸರಿ. ಶಸ್ತ್ರಚಿಕಿತ್ಸಕರಿಗೆ ಬೇಕಾಗಿರುವುದು ಮಾತ್ರ ಅದರ ನೇರ ವಿರುದ್ಧ ಗುಣ.

ಆದ್ದರಿಂದ ಆಯ್ಕೆಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಮೇಲೆ ಹೇಳಿದ ಫಾರ್ಮಲಿನ್ ವಿಧಾನ. ಎರಡನೆಯದು ಯಾವ ರಾಸಾಯನಿಕವನ್ನೂ ಹರಿಸದೆ ದೇಹವನ್ನೋ ದೇಹದ ಭಾಗವನ್ನೋ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಹೆಪ್ಪುಗಟ್ಟಿಸಿ, ಬೇಕಾದಾಗ ಕರಗಿಸಿ ಬಳಸುವ ಕ್ರಮ. ಅಂಗಾಂಶದ ಸ್ಪರ್ಶ, ಬಣ್ಣ, ಹಿಗ್ಗುವಿಕೆಗಳಲ್ಲಿ ಜೀವಂತ ದೇಹಕ್ಕೆ ಇದರಷ್ಟು ಹತ್ತಿರದ್ದು ಇನ್ನೊಂದಿಲ್ಲ. ಆದರೆ ಕರಗಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ, ಎರಡು ಮೂರು ದಿನಗಳಲ್ಲಿ ಕೆಲಸ ಮುಗಿಯಬೇಕು, ಜೊತೆಗೆ ಸೋಂಕಿನ ಅಪಾಯ ಹಾಗೆಯೇ ಉಳಿದಿರುತ್ತದೆ.

ಮೂರನೆಯದು ಥೀಲ್ ವಿಧಾನ. ಆಸ್ಟ್ರಿಯಾದ ಗ್ರಾಜ್ ನಗರದ ಅಂಗರಚನಾಶಾಸ್ತ್ರಜ್ಞ ವಾಲ್ಟರ್ ಥೀಲ್ ಇದನ್ನು 1992ರಲ್ಲಿ ಪ್ರಕಟಿಸಿದರು. ಮಾಂಸದಂಗಡಿಯಲ್ಲಿ ಉಪ್ಪುನೀರಿನಲ್ಲಿ ಹದಮಾಡಿದ ಹಂದಿಮಾಂಸ ತಮ್ಮ ಫಾರ್ಮಲಿನ್ ಮಾದರಿಗಳಿಗಿಂತ ಎಷ್ಟೋ ಮೃದುವಾಗಿ, ಸಹಜ ಬಣ್ಣದಲ್ಲಿ ಉಳಿದಿರುವುದನ್ನು ಗಮನಿಸಿದ್ದು ಅವರ ಹುಡುಕಾಟಕ್ಕೆ ಪ್ರೇರಣೆಯಾಯಿತಂತೆ. ಬೋರಿಕ್ ಆಮ್ಲ, ಅಮೋನಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್, ಸೋಡಿಯಂ ಸಲ್ಫೈಟ್, ಕ್ಲೋರೋಕ್ರೆಸಾಲ್, ಗ್ಲೈಕಾಲ್ ಮತ್ತು ಅತ್ಯಲ್ಪ ಫಾರ್ಮಲಿನ್ ಸೇರಿದ ದ್ರಾವಣವನ್ನು ನಾಳಗಳಲ್ಲಿ ಹರಿಸಿ, ಅನಂತರ ದೇಹವನ್ನು ತಿಂಗಳುಗಟ್ಟಲೆ ಅದೇ ಬಗೆಯ ದ್ರಾವಣದಲ್ಲಿ ಮುಳುಗಿಸಿಡಬೇಕು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯ ತನ್ನ ಅಂಗರಚನಾಶಾಸ್ತ್ರ ಕೇಂದ್ರಕ್ಕೆ ಇದೇ ವಿಧಾನವನ್ನು ಅಳವಡಿಸಿಕೊಂಡಿದೆ. ಹೀಗೆ ಸಿದ್ಧವಾದ ದೇಹದ ಕೀಲುಗಳು ಮಡಿಯುತ್ತವೆ, ಶ್ವಾಸಕೋಶಕ್ಕೆ ಗಾಳಿ ತುಂಬಬಹುದು, ಹೊಟ್ಟೆಗೆ ಅನಿಲ ತುಂಬಬಹುದು. ಸ್ನಾಯುನಾರುಗಳು ಸೂಕ್ಷ್ಮ ಮಟ್ಟದಲ್ಲಿ ತುಂಡಾಗುವುದರಿಂದ ಸ್ನಾಯುರಜ್ಜುವಿನ ಬಲ ಅಳೆಯುವಂತಹ ಸಂಶೋಧನೆಗೆ ಮಾತ್ರ ಇದು ತಕ್ಕುದಲ್ಲ.

ನಾಲ್ಕನೆಯದು ಪರ್ಯಾಪ್ತ, ಅಂದರೆ ಇನ್ನಷ್ಟು ಕರಗದಷ್ಟು ಉಪ್ಪು ತುಂಬಿದ, ದ್ರಾವಣದ ವಿಧಾನ. ಕೋಲ್ಮನ್ ಮತ್ತು ಕೋಗನ್ 1998ರಲ್ಲಿ ವಿವರಿಸಿದ ಈ ಕ್ರಮವನ್ನು ಜಪಾನಿನ ತಂಡವೊಂದು 2014ರಲ್ಲಿ ಶಸ್ತ್ರಚಿಕಿತ್ಸಾ ತರಬೇತಿಗೆ ಪರೀಕ್ಷಿಸಿ, ಉಪಯುಕ್ತವೆಂದು ವರದಿ ಮಾಡಿತು. ಉಪ್ಪು, ಸ್ವಲ್ಪ ಫಾರ್ಮಲಿನ್, ಸ್ವಲ್ಪ ಫೀನಾಲ್, ಗ್ಲಿಸರಿನ್, ಆಲ್ಕೋಹಾಲ್: ಎಲ್ಲವೂ ನಮ್ಮ ಊರಿನಲ್ಲಿ ಸಿಗುವ ಸಾಮಗ್ರಿಗಳೇ. ಉಪ್ಪು ನೀರನ್ನು ಕಟ್ಟಿಹಾಕಿ ಸೂಕ್ಷ್ಮಜೀವಿಗಳಿಗೆ ಸಿಗದಂತೆ ಮಾಡುತ್ತದೆ ಎಂಬುದು ಅಡುಗೆಮನೆಯ ಭರಣಿಗಳಿಗೆ ಹಳೆಯ ವಿದ್ಯೆ. ಎಥನಾಲ್ ಮತ್ತು ಗ್ಲಿಸರಿನ್ ಹರಿಸಿ ಥೈಮಾಲ್‌ನಲ್ಲಿ ಕಾಪಾಡುವಂತಹ ಬೇರೆ ಕ್ರಮಗಳೂ ಬಳಕೆಯಲ್ಲಿವೆ. ಮೊದಲ ಬಾರಿಗೆ ಮೃದು ಎಂಬಾಮಿಂಗ್ (ದೇಹ ಮೆತ್ತಗೆ ಉಳಿಯುವಂತೆ ಕಾಪಾಡುವುದು) ಮಾಡಲಿರುವ ಕರ್ನಾಟಕದ ಕಾಲೇಜಿಗೆ ನನ್ನ ಸಲಹೆ ಉಪ್ಪಿನ ವಿಧಾನವೇ.

ಥೀಲ್ ವಿಧಾನ ಇಲ್ಲಿ ಕಷ್ಟವಾಗುವುದು ಬರೀ ವೆಚ್ಚದಿಂದಲ್ಲ. ಅಮೋನಿಯಂ ನೈಟ್ರೇಟ್ ಸ್ಫೋಟಕಕ್ಕೂ ಬಳಕೆಯಾಗುವ ವಸ್ತುವಾದ್ದರಿಂದ ಅದರ ಖರೀದಿ, ಸಂಗ್ರಹ, ಸಾಗಣೆಗಳೆಲ್ಲ 2012ರ ಅಮೋನಿಯಂ ನೈಟ್ರೇಟ್ ನಿಯಮಗಳಿಗೆ ಒಳಪಟ್ಟಿವೆ, ಪರವಾನಗಿ ಬೇಕು. ವಿಭಾಗದ ಮುಖ್ಯಸ್ಥರು ರಾಸಾಯನಿಕದಂಗಡಿಗೆ ಪಟ್ಟಿ ಕಳಿಸಿದರೆ ಬಂದುಬಿಡುವ ಸಾಮಾನಲ್ಲ ಇದು. ಆ ಹಾದಿ ಹಿಡಿಯುವವರು ದೇಹಕ್ಕಿಂತ ಮೊದಲು ಕಡತವನ್ನು ಸಿದ್ಧಪಡಿಸಿಕೊಳ್ಳಬೇಕು.

ಎರಡನೆಯ ಹಂತ: ದಾಖಲೆ ಮತ್ತು ದೇಹದ ಆಯ್ಕೆ

ನಮ್ಮ ರಾಜ್ಯದಲ್ಲಿ ಮೃತದೇಹಗಳನ್ನು ವೈದ್ಯಕೀಯ ಶಿಕ್ಷಣಕ್ಕೆ ಪಡೆಯುವುದು 1957ರ ಕರ್ನಾಟಕ ಅಂಗರಚನಾಶಾಸ್ತ್ರ ಅಧಿನಿಯಮದ ಚೌಕಟ್ಟಿನಲ್ಲಿ. ದೇಹ ಬಂದಾಗ ದಾನಪತ್ರ, ಕುಟುಂಬದವರ ಒಪ್ಪಿಗೆ ಮತ್ತು ಮರಣಕಾರಣದ ವೈದ್ಯಕೀಯ ಪ್ರಮಾಣಪತ್ರ, ಈ ಮೂರನ್ನೂ ನೋಡಿಯೇ ಸ್ವೀಕರಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಪ್ರಮಾಣಪತ್ರ ನಮೂನೆ 4ರಲ್ಲಿ, ಮನೆಯಲ್ಲಿ ತೀರಿಕೊಂಡಿದ್ದರೆ ನಮೂನೆ 4ಎಯಲ್ಲಿ ಇರುತ್ತದೆ. ದಾನಪತ್ರದಲ್ಲಿ ‘ವೈದ್ಯಕೀಯ ವಿದ್ಯಾರ್ಥಿಗಳ ಶಿಕ್ಷಣಕ್ಕೆ’ ಎಂದು ಮಾತ್ರ ಇದ್ದು, ನಾವು ಅದನ್ನು ಹೊರಗಿನ ಶಸ್ತ್ರಚಿಕಿತ್ಸಕರು ಶುಲ್ಕ ಕೊಟ್ಟು ಬರುವ ಕಾರ್ಯಾಗಾರಕ್ಕೆ ಬಳಸುವುದು ಸರಿಯೇ ಎಂಬ ಪ್ರಶ್ನೆಯನ್ನು ಬಹಳ ಕಡೆ ಯಾರೂ ಎತ್ತುವುದಿಲ್ಲ. ನಾನು ಎತ್ತುತ್ತೇನೆ. ಶಸ್ತ್ರಚಿಕಿತ್ಸಾ ತರಬೇತಿ, ದೇಹದ ಭಾಗಗಳನ್ನು ಬೇರ್ಪಡಿಸುವುದು, ಎಷ್ಟು ಕಾಲ ಇಟ್ಟುಕೊಳ್ಳುತ್ತೇವೆ ಎಂಬ ಮೂರನ್ನೂ ನಮೂನೆಯಲ್ಲಿ ಸ್ಪಷ್ಟವಾಗಿ, ಕನ್ನಡದಲ್ಲಿ ಬರೆಸಿ, ಸಹಿಗೆ ಮೊದಲು ಓದಿ ಹೇಳಬೇಕು.

ಅಪಘಾತ, ಆತ್ಮಹತ್ಯೆ, ಶಂಕಾಸ್ಪದ ಸಾವು ಎಂದು ಪೊಲೀಸ್ ತನಿಖೆಗೆ ಒಳಪಟ್ಟ ದೇಹಕ್ಕೆ ಒಂದು ಹನಿ ದ್ರಾವಣವನ್ನೂ ಹರಿಸಕೂಡದು, ಏಕೆಂದರೆ ವಿಷಪರೀಕ್ಷೆಯ ಸಾಕ್ಷ್ಯವೇ ಅಳಿದುಹೋಗುತ್ತದೆ. ಮರಣೋತ್ತರ ಪರೀಕ್ಷೆ ಮುಗಿದ ದೇಹದಲ್ಲಿ ನಾಳಗಳು ತುಂಡಾಗಿರುವುದರಿಂದ ಒಂದೇ ಕಡೆಯಿಂದ ಇಡೀ ದೇಹಕ್ಕೆ ದ್ರಾವಣ ಹರಿಸುವುದು ಸಾಧ್ಯವಾಗದು. ಕಣ್ಣು ದಾನ ಮಾಡಿದ ದೇಹವನ್ನು ಸಂತೋಷದಿಂದ ಸ್ವೀಕರಿಸಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗೆ ತೊಡೆಸಂದಿನ ಅಭಿಧಮನಿಯಿಂದ ರಕ್ತ ತೆಗೆಯಬೇಕು. ಮೃತರ ರಕ್ತದಲ್ಲಿ ಈ ಪರೀಕ್ಷೆಗಳು ಕೆಲವೊಮ್ಮೆ ತಪ್ಪು ಫಲಿತಾಂಶ ಕೊಡುವುದರಿಂದ ‘ಇಲ್ಲ’ ಎಂದು ಬಂದರೂ ಎಚ್ಚರಿಕೆ ಸಡಿಲವಾಗಬಾರದು. ಕ್ಷಯವಿದ್ದ ದೇಹವನ್ನೂ, ಕಾರಣ ತಿಳಿಯದ ಮೆದುಳಿನ ಕ್ಷೀಣತೆಯಿಂದ ತೀರಿಕೊಂಡವರ ದೇಹವನ್ನೂ ತರಬೇತಿಗೆ ತೆಗೆದುಕೊಳ್ಳಬೇಡಿ. ಪ್ರಿಯಾನ್ ಎಂಬ ರೋಗಕಾರಕ ಪ್ರೋಟೀನನ್ನು ಫಾರ್ಮಲಿನ್ ನಾಶಮಾಡುವುದಿಲ್ಲ.

ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿಯೂ ದೇಹದ ಆಯ್ಕೆಯ ಮಾತು ಬರುತ್ತದೆ: ಅಂಗಗಳೆಲ್ಲ ಪೂರ್ಣವಾಗಿರಬೇಕು, ವಿಷದಿಂದ ಸತ್ತಿರಬಾರದು, ದೀರ್ಘವ್ಯಾಧಿಯಿಂದ ಬಳಲಿರಬಾರದು, ನೂರು ವರ್ಷದ ಮುದಿತನವಿರಬಾರದು. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಅವರು ದೇಹವನ್ನು ಹುಲ್ಲು ನಾರುಗಳಲ್ಲಿ ಸುತ್ತಿ, ಪಂಜರದಲ್ಲಿಟ್ಟು ಹರಿಯುವ ನೀರಿನಲ್ಲಿ ಏಳು ರಾತ್ರಿ ಕೊಳೆಯಿಸಿ, ಲಾವಂಚ ಮುಂತಾದವುಗಳ ಕುಂಚದಿಂದ ಪದರಪದರವಾಗಿ ಉಜ್ಜಿ ನೋಡುತ್ತಿದ್ದರು. ನಾವು ಕೊಳೆಯದಂತೆ ತಡೆದು ನೋಡುತ್ತೇವೆ. ಆಯ್ಕೆಯ ನಿಯಮ ಮಾತ್ರ ಹೆಚ್ಚು ಬದಲಾಗಿಲ್ಲ. ಶಸ್ತ್ರಚಿಕಿತ್ಸಾ ತರಬೇತಿಗಾದರೆ ಇನ್ನೊಂದೆರಡು ಸೇರಿಸಿಕೊಳ್ಳಬೇಕು: ಅತಿ ಸ್ಥೂಲ ದೇಹ ಬೇಡ, ಕೈಕಾಲು ಸೆಟೆದು ಮಡಿಚಿಕೊಂಡ ದೇಹ ಬೇಡ, ಮತ್ತು ಅಭ್ಯಾಸ ನಡೆಯಬೇಕಾದ ಭಾಗದಲ್ಲಿ ಹಳೆಯ ಶಸ್ತ್ರಕ್ರಿಯೆಯ ಗಾಯದ ಗುರುತಿದೆಯೇ ಎಂದು ನೋಡಬೇಕು.

ಮೂರನೆಯ ಹಂತ: ಮೊದಲ ಕೆಲವು ಗಂಟೆಗಳು

ಸಾವಿನ ನಂತರ ಆರೆಂಟು ಗಂಟೆಯೊಳಗೆ ದ್ರಾವಣ ಹರಿದರೆ ಫಲಿತಾಂಶ ಚೆನ್ನಾಗಿರುತ್ತದೆ. ತಡವಾಗುವುದಾದರೆ ದೇಹವನ್ನು 4 ಡಿಗ್ರಿಯ ಶೈತ್ಯಾಗಾರದಲ್ಲಿಡಬೇಕು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಮನೆಯಂಗಳದಲ್ಲಿ ಅರ್ಧ ದಿನ ಇದ್ದು ಬಂದ ದೇಹಕ್ಕೂ ಡಿಸೆಂಬರಿನ ಮಡಿಕೇರಿಯಿಂದ ಬಂದ ದೇಹಕ್ಕೂ ಅಜಗಜಾಂತರ. ಬಲಗಡೆಯ ಕೆಳಹೊಟ್ಟೆ ಹಸಿರಾಗತೊಡಗಿದ್ದರೆ ಕೊಳೆಯುವಿಕೆ ಆರಂಭವಾಗಿದೆಯೆಂದೇ ಅರ್ಥ, ಅಂಥ ದೇಹವನ್ನು ಮೃದು ವಿಧಾನಕ್ಕೆ ಆರಿಸಬೇಡಿ. ಸೆಟೆತ ಆವರಿಸಿದ್ದರೆ ಬಟ್ಟೆ ತೆಗೆದು, ಸಾಬೂನಿನಿಂದ ತೊಳೆದು, ಕೀಲುಗಳನ್ನು ಒಂದೊಂದಾಗಿ ನಿಧಾನವಾಗಿ ಮಡಿಸಿ ಬಿಡಿಸಬೇಕು; ಸೆಟೆದ ಸ್ನಾಯು ನಾಳಗಳನ್ನು ಹಿಂಡಿ ದ್ರಾವಣಕ್ಕೆ ದಾರಿ ಕೊಡುವುದಿಲ್ಲ. ಗುರುತಿನ ಸಂಖ್ಯೆಯನ್ನು ಎರಡು ಕಡೆ, ಮಣಿಕಟ್ಟಿಗೊಂದು ಪಾದಸಂದಿಗೊಂದು, ಅಳಿಯದ ಬಿಲ್ಲೆಯ ಮೇಲೆ ಕಟ್ಟಿ. ಕಾಗದದ ಚೀಟಿ ತೊಟ್ಟಿಯಲ್ಲಿ ಒಂದು ವಾರವೂ ಉಳಿಯದು.

ನಾಲ್ಕನೆಯ ಹಂತ: ದ್ರಾವಣದ ಲೆಕ್ಕ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ, ಅದೂ ಒಂದು ಪದದಿಂದ. ಕ್ಯಾನಿನಲ್ಲಿ ಬರುವ ಫಾರ್ಮಲಿನ್ ಎಂದರೆ ಫಾರ್ಮಾಲ್ಡಿಹೈಡ್ ಅಲ್ಲ, ಫಾರ್ಮಾಲ್ಡಿಹೈಡ್ ಅನಿಲವನ್ನು ನೀರಿನಲ್ಲಿ ಶೇ. 37ರಿಂದ 40ರಷ್ಟು ಕರಗಿಸಿ ಸ್ವಲ್ಪ ಮೆಥನಾಲ್ ಬೆರೆಸಿದ ದ್ರಾವಣ. 1 ಲೀಟರ್ ಫಾರ್ಮಲಿನ್‌ಗೆ 9 ಲೀಟರ್ ನೀರು ಬೆರೆಸಿದರೆ ಅದು ಶೇ. 10ರ ಫಾರ್ಮಲಿನ್, ಆದರೆ ಫಾರ್ಮಾಲ್ಡಿಹೈಡ್ ಅದರಲ್ಲಿರುವುದು ಸುಮಾರು ಶೇ. 4 ಮಾತ್ರ. ಶೇ. 1ರ ಫಾರ್ಮಾಲ್ಡಿಹೈಡ್ ಇರುವ 10 ಲೀಟರ್ ದ್ರಾವಣ ಬೇಕಿದ್ದರೆ ಕ್ಯಾನಿನಿಂದ ಅಳೆಯಬೇಕಾದದ್ದು ಸುಮಾರು 250 ಮಿ.ಲೀ. ಸೂತ್ರವನ್ನು ಎಲ್ಲಿಂದ ತೆಗೆದುಕೊಂಡರೂ ಅದರಲ್ಲಿ ಹೇಳಿರುವುದು ಯಾವುದರ ಶೇಕಡಾವಾರು ಎಂದು ಖಚಿತಪಡಿಸಿಕೊಳ್ಳದೆ ಅಳತೆಯ ಜಾಡಿಯನ್ನು ಕೈಗೆತ್ತಿಕೊಳ್ಳಬೇಡಿ. ಮೃದುವಾಗಿರಬೇಕಾದ ದೇಹ ಹಲಗೆಯಾಗುವುದಕ್ಕೆ ಇದೊಂದು ತಪ್ಪು ಸಾಕು.

ಚಳಿಯಲ್ಲಿ ಬಹುಕಾಲ ನಿಂತ ಕ್ಯಾನಿನ ತಳದಲ್ಲಿ ಬಿಳಿಯ ಹಿಟ್ಟಿನಂಥದು ಕಂಡರೆ ಅದು ಪ್ಯಾರಾಫಾರ್ಮಾಲ್ಡಿಹೈಡ್. ಮೇಲಿನ ದ್ರಾವಣದ ಸಾಂದ್ರತೆ ಅಷ್ಟರಮಟ್ಟಿಗೆ ಕುಗ್ಗಿದೆ ಎಂದು ತಿಳಿಯಬೇಕು. ಫೀನಾಲ್ ಹರಳಾಗಿ ಬಾಟಲಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದು ಕರಗುವುದು ಸುಮಾರು 41 ಡಿಗ್ರಿಯಲ್ಲಿ, ಆದ್ದರಿಂದ ಬಾಟಲಿಯ ಮುಚ್ಚಳ ಸಡಿಲಿಸಿ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕಾಯಬೇಕೇ ಹೊರತು ಚಮಚದಿಂದ ಕೆದಕಬಾರದು. ಫೀನಾಲ್ ಚರ್ಮವನ್ನು ಸುಡುವಾಗಲೇ ಮರಗಟ್ಟಿಸಿಬಿಡುವುದರಿಂದ ಸುಟ್ಟದ್ದೇ ಗೊತ್ತಾಗುವುದಿಲ್ಲ, ಬೆಳ್ಳಗೆ ಕಲೆ ಕಂಡಾಗ ತಡವಾಗಿರುತ್ತದೆ.

ಉಪ್ಪಿನ ವಿಧಾನದಲ್ಲಿ 10 ಲೀಟರ್ ನೀರಿಗೆ ಸುಮಾರು 3.6 ಕಿಲೋ ಉಪ್ಪು ಕರಗುತ್ತದೆ, ಅದಕ್ಕಿಂತ ಹೆಚ್ಚು ಹಾಕಿದ್ದು ತಳದಲ್ಲೇ ಉಳಿಯುತ್ತದೆ. ಮೊದಲು ಬೆಚ್ಚಗಿನ ನೀರಿನಲ್ಲಿ ಉಪ್ಪು, ಬಳಿಕ ಗ್ಲಿಸರಿನ್, ಕರಗಿದ ಫೀನಾಲ್, ಆಲ್ಕೋಹಾಲ್, ಕೊನೆಗೆ ನಿಷ್ಕಾಸ ಫ್ಯಾನಿನ ಕೆಳಗೆ ಫಾರ್ಮಲಿನ್. ಆಲ್ಕೋಹಾಲ್ ಸೇರುತ್ತಿದ್ದಂತೆ ಕರಗಿದ್ದ ಉಪ್ಪಿನ ಒಂದಂಶ ಮತ್ತೆ ಹರಳಾಗಿ ಕೆಳಗಿಳಿಯುತ್ತದೆ, ಅದು ಸಹಜ. ಆದರೆ ಆ ಹರಳುಗಳು ನಾಳಕ್ಕೆ ದ್ರಾವಣ ಹರಿಸುವ ಕೊಳವೆಯಾದ ಕ್ಯಾನುಲಾ ಸೇರಿದರೆ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ, ಹಾಗಾಗಿ ತಿಳಿಯನ್ನು ನಾಲ್ಕು ಮಡಿಕೆಯ ಮಲ್ ಬಟ್ಟೆಯಲ್ಲಿ ಸೋಸಿಯೇ ತೊಟ್ಟಿಗೆ ತುಂಬಬೇಕು. ಫಾರ್ಮಲಿನ್ ಇರುವ ಜಾಗದಲ್ಲಿ ಬ್ಲೀಚಿಂಗ್ ಪುಡಿಯಾಗಲಿ ಹೈಡ್ರೋಕ್ಲೋರಿಕ್ ಆಮ್ಲವಾಗಲಿ ಇರಲೇಬಾರದು. ಎರಡನೆಯದರ ಜೊತೆ ಸೇರಿದರೆ ಕ್ಯಾನ್ಸರ್‌ಕಾರಕ ಆವಿ ಹುಟ್ಟಬಹುದು.

ಐದನೆಯ ಹಂತ: ನಾಳ ಹುಡುಕಿ ದ್ರಾವಣ ಹರಿಸುವುದು

ಕತ್ತಿ ಎಲ್ಲಿಡಬೇಕೆಂಬುದೂ ಕಾರ್ಯಾಗಾರದ ವಿಷಯವನ್ನೇ ಅವಲಂಬಿಸಿದೆ. ಪಠ್ಯದಲ್ಲಿ ತೊಡೆಸಂದಿನ ಫೀಮರಲ್ ಅಪಧಮನಿ ಎಂದಿರುತ್ತದೆ, ನಾವೂ ಅಲ್ಲಿಗೇ ಕೈಹಾಕುತ್ತೇವೆ. ಆದರೆ ಹರ್ನಿಯಾ ಕಾರ್ಯಾಗಾರಕ್ಕೆ ಹೋಗುವ ದೇಹದ ತೊಡೆಸಂದನ್ನು ನಾವೇ ಕೊಯ್ದಿಟ್ಟರೆ ಶಸ್ತ್ರಚಿಕಿತ್ಸಕರಿಗೆ ಉಳಿಯುವುದೇನು? ಅಂಥಲ್ಲಿ ಕುತ್ತಿಗೆಯ ಕೆರೋಟಿಡ್ ಅಪಧಮನಿ ಬಳಸಿ. ಥೈರಾಯ್ಡ್ ಅಭ್ಯಾಸಕ್ಕಾದರೆ ತೊಡೆಯೇ ಸರಿ.

ತೊಡೆಯಲ್ಲಾದರೆ ಸೊಂಟದ ಮುಂಭಾಗದ ಮೂಳೆಯ ಮೊನೆಗೂ ಜನನಾಂಗದ ಮೇಲಿನ ಮೂಳೆಯ ಕೂಡುಗೆರೆಗೂ ನಡುವಿನ ಬಿಂದುವನ್ನು ಬೆರಳಿನಿಂದ ಗುರುತಿಸಿಕೊಂಡು, ಅಲ್ಲಿಂದ ಕೆಳಕ್ಕೆ ಐದಾರು ಸೆಂಟಿಮೀಟರ್ ನೇರ ಗೆರೆ ಕೊಯ್ಯಿರಿ. ಕೊಬ್ಬನ್ನು ಸರಿಸಿದಾಗ ಒಂದು ಕವಚದೊಳಗೆ ಎರಡು ನಾಳಗಳು ಸಿಗುತ್ತವೆ. ಒಳಬದಿಯದು ಕಪ್ಪುನೀಲಿ, ತೆಳು, ಬೆರಳಿಟ್ಟರೆ ಅಪ್ಪಚ್ಚಿಯಾಗುತ್ತದೆ: ಅಭಿಧಮನಿ. ಹೊರಬದಿಯದು ಬೆಳ್ಳಗೆ, ದಪ್ಪ ಗೋಡೆಯದು, ಖಾಲಿಯಾಗಿದ್ದರೂ ಒತ್ತಿ ಬಿಟ್ಟರೆ ಮತ್ತೆ ದುಂಡಗಾಗುತ್ತದೆ: ನಮಗೆ ಬೇಕಾದ ಅಪಧಮನಿ. ಅದಕ್ಕೂ ಹೊರಗೆ, ಕವಚದಾಚೆ, ಬಿಳಿಯ ಹುರಿಯಂತೆ ಕಾಣುವುದು ನರ. ಹೊಸಬರು ಅದನ್ನೇ ನಾಳವೆಂದು ಕತ್ತರಿಸುವುದುಂಟು. ಅಪಧಮನಿಯ ಕೆಳಗೆ ಎರಡು ದಾರ ತೂರಿಸಿ, ನಡುವೆ ಸಣ್ಣದಾಗಿ ಸೀಳಿ, ಕ್ಯಾನುಲಾವನ್ನು ಮೊದಲು ತಲೆಯ ಕಡೆಗೆ ತಿರುಗಿಸಿ ಕಟ್ಟಬೇಕು. ದೇಹಕ್ಕೆ ಹೋಗಬೇಕಾದಷ್ಟು ಹೋದ ಮೇಲೆ ಅದನ್ನೇ ಪಾದದ ಕಡೆಗೆ ತಿರುಗಿಸಿ ಆ ಕಾಲಿಗೂ ಹರಿಸಬೇಕು.

ಒತ್ತಡದ ವಿಷಯದಲ್ಲಿ ನಾನು ಯಂತ್ರಕ್ಕಿಂತ ಗುರುತ್ವವನ್ನು ನಂಬುವವನು. ದ್ರಾವಣದ ತೊಟ್ಟಿಯನ್ನು ಮೇಜಿಗಿಂತ 1 ಮೀಟರ್ ಎತ್ತರದಲ್ಲಿಟ್ಟರೆ ಸುಮಾರು 74 ಮಿ.ಮೀ. ಪಾದರಸದಷ್ಟು, ಒಂದೂವರೆ ಮೀಟರಿನಲ್ಲಿ ಸುಮಾರು 110ರಷ್ಟು ಒತ್ತಡ ಸಿಗುತ್ತದೆ. ಬದುಕಿದ್ದಾಗ ಹೃದಯ ಕೊಡುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಒಮ್ಮೆ ಸಂಜೆಯೊಳಗೆ ಮುಗಿಸುವ ಅವಸರದಲ್ಲಿ ಮೋಟಾರ್ ಪಂಪಿನ ಗುಂಡಿಯನ್ನು ನಾನೇ ಏರಿಸಿದೆ. ಹತ್ತು ನಿಮಿಷದಲ್ಲಿ ಮೂಗಿನಿಂದ ನೊರೆ ಬಂತು, ರೆಪ್ಪೆಗಳು ಉಬ್ಬಿದವು, ಕುತ್ತಿಗೆ ಗಲ್ಲದ ಅಗಲಕ್ಕೆ ಊದಿತು. ಸಣ್ಣ ನಾಳಗಳು ಒಡೆದು ದ್ರಾವಣ ಅಂಗಾಂಶದ ಪದರಗಳ ನಡುವೆ ಸೋರಿತ್ತು. ಥೈರಾಯ್ಡ್ ಕಾರ್ಯಾಗಾರಕ್ಕೆಂದು ಇಟ್ಟಿದ್ದ ಆ ದೇಹ ಅದಕ್ಕೆ ಉಪಯೋಗಕ್ಕೆ ಬರಲಿಲ್ಲ. ವಿಭಾಗದ ಹಿರಿಯ ಅಟೆಂಡರ್ ಏನೂ ಹೇಳದೆ ಪಂಪಿನ ತಂತಿ ಕಿತ್ತು ಸುತ್ತಿಟ್ಟು, ಗೋಡೆಯ ಮೊಳೆಗೆ ಹಳೆಯ ಕ್ಯಾನನ್ನು ನೇತುಹಾಕಿದರು. ನಾನು ಅಲ್ಲಿಂದೀಚೆಗೆ ಆ ಮೊಳೆಯನ್ನು ಬಿಟ್ಟಿಲ್ಲ.

ವಯಸ್ಕರ ದೇಹಕ್ಕೆ ಸಾಮಾನ್ಯವಾಗಿ 8ರಿಂದ 12 ಲೀಟರ್ ಹಿಡಿಯುತ್ತದೆ, ಗುರುತ್ವದಿಂದಾದರೆ ಹಲವು ಗಂಟೆ ಬೇಕು. ದ್ರಾವಣ ತಲುಪಿದ ಕಡೆ ಚರ್ಮ ತುಂಬಿಕೊಂಡು ಬಿಗಿಯಾಗುತ್ತದೆ, ಸುಕ್ಕಿದ್ದ ಬೆರಳ ತುದಿಗಳು ದುಂಡಗಾಗುತ್ತವೆ, ಕಿವಿಯ ಹಾಲೆ ಗಡುಸಾಗುತ್ತದೆ. ಹಿರಿಯ ದಾನಿಗಳಲ್ಲಿ ಅಪಧಮನಿಗಳು ಸುಣ್ಣಗಟ್ಟಿ ಕಿರಿದಾಗಿರುವುದರಿಂದ ಒಂದು ಕಾಲು ಹಾಗೆಯೇ ಮೆತ್ತಗೆ ಉಳಿಯುವುದು ಸಾಮಾನ್ಯ. ಅಂಗೈ, ಅಂಗಾಲು, ಪೃಷ್ಠ, ಬೆನ್ನಿನ ಭಾಗಗಳನ್ನು ಕೈಯಿಂದ ಒತ್ತಿ ನೋಡಿ, ತಲುಪದ ಕಡೆ ಉದ್ದ ಸೂಜಿಯ ಸಿರಿಂಜಿನಿಂದ ನೇರವಾಗಿ ಚುಚ್ಚಬೇಕು. ಅಂತ್ಯಕ್ರಿಯೆಗಾಗಿ ಎಂಬಾಮಿಂಗ್ ಮಾಡುವವರು ಹೊಟ್ಟೆಗೆ ಟ್ರೋಕಾರ್ ಎಂಬ ದಪ್ಪ, ಮೊನಚಾದ ಕೊಳವೆ ಚುಚ್ಚಿ ಒಳಗಿನದನ್ನು ಹೀರುತ್ತಾರೆ. ನಾವು ಅದನ್ನು ಎಂದಿಗೂ ಮಾಡಬಾರದು: ಕರುಳು, ಪಿತ್ತಕೋಶಗಳಿಗೆ ತೂತು ಬಿದ್ದರೆ ತರಬೇತಿಯ ಸಾಮಗ್ರಿಯೇ ಹೋಯಿತು.

ಮೆದುಳು ಮತ್ತು ತಲೆಬುರುಡೆಯ ಶಸ್ತ್ರಚಿಕಿತ್ಸೆಗೆ ಸಿದ್ಧಪಡಿಸುವ ತಲೆಗಳಲ್ಲಿ ಕೆರೋಟಿಡ್, ವರ್ಟಿಬ್ರಲ್ ಅಪಧಮನಿಗಳನ್ನೂ ಜುಗುಲರ್ ಅಭಿಧಮನಿಗಳನ್ನೂ ನೀರು ತಿಳಿಯಾಗುವವರೆಗೆ ತೊಳೆದು, ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ ಲೇಟೆಕ್ಸ್ ತುಂಬುವ ರೂಢಿಯಿದೆ. ಬಣ್ಣದ ದ್ರವವನ್ನು ಪಂಪಿನಿಂದ ಮಿಡಿಸಿ ರಕ್ತಸ್ರಾವದ ಸನ್ನಿವೇಶವನ್ನೇ ಉಂಟುಮಾಡುವ ಮಾದರಿಯೊಂದು 2002ರಲ್ಲಿ ಪ್ರಕಟವಾಯಿತು. ಲೇಟೆಕ್ಸ್ ತುಂಬುವ ಮೊದಲು ಹೆಪ್ಪುಗಟ್ಟಿದ ರಕ್ತದ ಒಂದು ಚೂರೂ ಉಳಿಯಬಾರದು, ತಾಳ್ಮೆ ಬೇಕಾಗುವುದು ಅಲ್ಲೇ.

ಆರನೆಯ ಹಂತ: ಕಾದಿಡುವುದು, ಕರಗಿಸುವುದು

ಮೃದು ವಿಧಾನದ ದೇಹವನ್ನು ದ್ರಾವಣದಲ್ಲಿ ತೋಯಿಸಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬೇಕು. ಒಣಗಿದ ಚರ್ಮ ಮತ್ತೆ ಮೃದುವಾಗುವುದಿಲ್ಲ. ವಾರಕ್ಕೊಮ್ಮೆ ಬಿಚ್ಚಿ, ಬೂಷ್ಟು ಬಂದಿದೆಯೇ ಎಂದು ಬೆರಳಸಂದು, ಕಂಕುಳು, ಕಿವಿಯ ಮಡಿಕೆಗಳನ್ನು ನೋಡಿ. ಹೆಪ್ಪುಗಟ್ಟಿಸುವ ದೇಹವನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ, ಹೊರಗೂ ಒಳಗೂ ಗುರುತಿನ ಬಿಲ್ಲೆ ಇಡಬೇಕು. ಡೀಪ್ ಫ್ರೀಜರಿಗೆ ಜನರೇಟರ್ ಸಂಪರ್ಕವಿದೆಯೇ ಎಂಬುದನ್ನು ಕಾಗದದಲ್ಲಿ ನೋಡಬೇಡಿ, ಒಂದು ದಿನ ಮುಖ್ಯ ಸ್ವಿಚ್ ತೆಗೆದು ನೋಡಿ. ಕರಗಿಸುವುದು ಸಾಧ್ಯವಾದಷ್ಟು 4 ಡಿಗ್ರಿಯಲ್ಲೇ ಆಗಲಿ: ಮೊಣಕಾಲಿನಂತಹ ಭಾಗಕ್ಕೆ ಒಂದೆರಡು ದಿನ, ಇಡೀ ಮುಂಡಕ್ಕೆ ಮೂರು ದಿನ ಅಥವಾ ಹೆಚ್ಚು. ಬಿಸಿನೀರು ಸುರಿದು ಅವಸರಪಡಿಸಿದರೆ ಹೊರಗೆ ಕೊಳೆಯತೊಡಗಿ ಒಳಗೆ ಮಂಜುಗಡ್ಡೆಯಾಗಿಯೇ ಉಳಿಯುತ್ತದೆ. ಕರಗಿಸಿದ್ದನ್ನು ಮತ್ತೆ ಮತ್ತೆ ಹೆಪ್ಪುಗಟ್ಟಿಸಿದಷ್ಟೂ ಅಂಗಾಂಶ ಸಡಿಲವಾಗುತ್ತ ಹೋಗುತ್ತದೆ.

ಏಳನೆಯ ಹಂತ: ಕಾರ್ಯಾಗಾರದ ದಿನ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಂತೆ ಎಂಟು ಗಂಟೆಯ ಸರಾಸರಿಯಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 0.75 ಭಾಗ, ಹದಿನೈದು ನಿಮಿಷದ ಮಟ್ಟಿಗೆ 2 ಭಾಗ ಇದರ ಮಿತಿ. ಕಣ್ಣು ಉರಿದು ನೀರು ಸುರಿಯುವ ಡಿಸೆಕ್ಷನ್ ಹಾಲಿನಲ್ಲಿ ‘ಅಭ್ಯಾಸವಾಗುತ್ತದೆ’ ಎಂದು ಹೇಳಿಕೊಂಡು ಬಂದ ಪೀಳಿಗೆಯವನು ನಾನು; ಅಭ್ಯಾಸವಾಗುವುದು ಮೂಗಿಗೆ, ಅಪಾಯ ಅಷ್ಟೇ ಇರುತ್ತದೆ. ಆವಿ ದೇಹದ ಮೇಲಿಂದಲೇ ಏಳುವುದರಿಂದ ಬಾಗಿ ನೋಡುವವರ ಮುಖಕ್ಕೆ ಮೊದಲು ತಾಗುತ್ತದೆ, ಆದ್ದರಿಂದ ಗಾಳಿಯನ್ನು ಮೇಜಿನ ಮಟ್ಟದಿಂದ ಕೆಳಕ್ಕೆ ಎಳೆಯುವ ವ್ಯವಸ್ಥೆ ಚಾವಣಿಯ ಫ್ಯಾನಿಗಿಂತ ಮೇಲು. ಶಸ್ತ್ರಚಿಕಿತ್ಸೆಯ ಮಾಸ್ಕಾಗಲಿ ಎನ್95 ಆಗಲಿ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಫಾರ್ಮಾಲ್ಡಿಹೈಡ್‌ಗೆಂದೇ ತಯಾರಾದ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು. ಕೈಗವಸು ನೈಟ್ರೈಲಿನದಿರಲಿ.

ಆಲ್ಕೋಹಾಲ್ ಹೆಚ್ಚಿರುವ ದ್ರಾವಣದಲ್ಲಿ ಸಿದ್ಧಪಡಿಸಿದ ದೇಹದ ಮೇಲೆ ಅಂಗಾಂಶವನ್ನು ಸುಟ್ಟು ಕತ್ತರಿಸುವ ವಿದ್ಯುತ್ ಕಾಟರಿ ಬಳಸುವ ಮುನ್ನ ಹಿಂದಿನ ರಾತ್ರಿಯೇ ತೆರೆದಿಟ್ಟು ಆರಿಸಿ, ನೀರಿನಿಂದ ತೊಳೆದಿರಬೇಕು, ಇಲ್ಲವಾದರೆ ಕಿಡಿ ಹತ್ತಿಕೊಳ್ಳುವ ಸಂಭವವಿದೆ. ಹೆಪ್ಪುಗಟ್ಟಿಸಿ ಕರಗಿಸಿದ ದೇಹದಲ್ಲಿ ಮೂಳೆ ಕೊರೆಯುವಾಗ ಏಳುವ ತುಂತುರಿನಲ್ಲಿ ಸೋಂಕಿರಬಹುದಾದ್ದರಿಂದ ಮುಖಗವಚ ಕಡ್ಡಾಯ. ಉಪ್ಪಿನ ದೇಹದ ಮೇಲೆ ಬಳಸಿದ ಉಪಕರಣಗಳನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆದು ಒರೆಸದಿದ್ದರೆ ಮರುದಿನ ಕತ್ತರಿಯ ಕೀಲಿನಲ್ಲಿ ತುಕ್ಕು ಕೂತಿರುತ್ತದೆ. ಮೊಬೈಲುಗಳು ಹೊರಗಿನ ಕಪಾಟಿನಲ್ಲಿರಲಿ; ಬೋಧನೆಗೆ ಛಾಯಾಚಿತ್ರ ಬೇಕಿದ್ದರೆ ವಿಭಾಗದ ಕ್ಯಾಮೆರಾದಲ್ಲಿ, ಮುಖ ಮುಚ್ಚಿ, ಅನುಮತಿ ಪಡೆದು ತೆಗೆಯಬಹುದು.

ಮುಗಿದ ಮೇಲೆ

ಕಾರ್ಯಾಗಾರದಲ್ಲಿ ಬೇರ್ಪಟ್ಟ ಪ್ರತಿಯೊಂದು ಭಾಗವನ್ನೂ ಆ ದೇಹದ ಸಂಖ್ಯೆಯಿರುವ ಚೀಲದಲ್ಲೇ ಹಾಕಬೇಕು. ಮೂರು ಮೇಜುಗಳಲ್ಲಿ ಮೂರು ದೇಹಗಳಿರುವಾಗ ಒಂದು ಬಕೆಟ್ಟಿನಲ್ಲಿ ಎಲ್ಲವನ್ನೂ ತುಂಬುವುದು ಸುಲಭ, ಆಮೇಲೆ ಯಾವುದು ಯಾರದೆಂದು ಹೇಳುವುದು ಅಸಾಧ್ಯ. ಉಳಿದ ದ್ರಾವಣವನ್ನು ಚರಂಡಿಗೆ ಚೆಲ್ಲದೆ ರಾಸಾಯನಿಕ ತ್ಯಾಜ್ಯವಾಗಿ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಬೇರ್ಪಡಿಸಿ ಕಳಿಸಬೇಕು. ಕುಟುಂಬದವರು ಚಿತಾಭಸ್ಮ ಬೇಕೆಂದು ದಾನದ ವೇಳೆಯೇ ತಿಳಿಸಿದ್ದರೆ ಅದು ದಾಖಲೆಯ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿರಲಿ.

ನಮ್ಮ ವಿಭಾಗದ ದಪ್ಪ ರಿಜಿಸ್ಟರಿನಲ್ಲಿ ಒಂದೊಂದು ದೇಹಕ್ಕೆ ಒಂದು ಪುಟ: ಬಂದ ದಿನ, ಗಂಟೆ, ಬಳಸಿದ ವಿಧಾನ, ಹಿಡಿದ ದ್ರಾವಣ, ತಲುಪದೆ ಉಳಿದ ಭಾಗಗಳು, ಯಾವ ಕಾರ್ಯಾಗಾರ, ಶಸ್ತ್ರಚಿಕಿತ್ಸಕರ ಅಭಿಪ್ರಾಯ. ಕೊನೆಯ ಅಂಕಣದಲ್ಲಿ ದಹನದ ದಿನಾಂಕ ಬರೆದು, ಮಣಿಕಟ್ಟಿನ ಮತ್ತು ಪಾದಸಂದಿಯ ಎರಡು ಬಿಲ್ಲೆಗಳನ್ನೂ ಬಿಚ್ಚಿ ಆ ಪುಟಕ್ಕೇ ದಾರದಿಂದ ಕಟ್ಟುತ್ತೇವೆ. ಎರಡೂ ಬಿಲ್ಲೆಗಳು ಸಿಗುವವರೆಗೆ ಆ ಪುಟದ ಮೇಲೆ ವಿಭಾಗದ ಮುಖ್ಯಸ್ಥರ ಸಹಿ ಬೀಳುವುದಿಲ್ಲ.